ಸ್ಟಾಕ್‌ಹೌಸೆನ್ನನ ‘ಮಂತ್ರ’

ಪರದೇಶೀಯರು ನಮ್ಮ ಶಬ್ದಗಳನ್ನು ಎರವಲಾಗಿ ಕೊಂಡೊಯ್ದಾಗ ಅವುಗಳಿಗೆ ಅಲ್ಲಿ ಯಾವ ಗತಿಯೊದಗುವುದೋ ಎಂದು ಸಂಸ್ಕೃತಾಭಿಮಾನಿಗಳು ಶಂಕಿಸುವುದು ಸಹಜ. ‘ಗುರು’, ‘ಯೋಗ’ ಎಂಬವುಗಳ ಇಂದಿನ ಅವಸ್ಥೆಯನ್ನು ವಾಚಕರು ಬಲ್ಲರು. ಜರ್ಮನಿಯ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ (1928–2007) ಎಂಬ ಸಂಗೀತಕರ್ತನು ಎರಡು ಪಿಯಾನೊಗಳಿಗಾಗಿಯೂ ವಿದ್ಯುದ್ಯಂತ್ರಗಳಿಗಾಗಿಯೂ 1970ರಲ್ಲಿ ರಚಿಸಿದ ಕೃತಿಗೆ ‘ಮಂತ್ರ’ವೆಂದು ಹೆಸರಿಟ್ಟನೆಂದು ಕೇಳಿದೊಡನೆ, ಇದೂ ಆ ಜಾತಿಯದೇ ಎಂದು ತಳ್ಳಿಬಿಡಲು ಮನಸ್ಸಾಗುವುದು. ಹಾಗೆ ತಳ್ಳಿದರೆ ಅನ್ಯಾಯವಾದೀತು.

ಆ ಹೆಸರು ಕೇವಲ ಸೊಗಸಿಗಾಗಿ ಅಂಟಿಸಿದುದಲ್ಲ. ಶ್ರೀ ಅರವಿಂದರನ್ನು ಕುರಿತು ಸತ್ಪ್ರೇಮರು ಬರೆದ ಗ್ರಂಥವನ್ನು ಆತನು 1968ರಲ್ಲಿಯೇ ಓದಿದ್ದನು. ಕೃತಿಯ ಒಂದು ಭಾಗವು ಜಪಾನಿನ ಒಸಾಕಾ ನಗರದಲ್ಲಿ, ಅಲ್ಲಿ ವಿಶ್ವಪ್ರದರ್ಶನ ನಡೆಯುತ್ತಿದ್ದಾಗ, ರಚಿತವಾಯಿತು, ಉಳಿದುದು ಸ್ವದೇಶದಲ್ಲಿ. ಅದೇ ವರ್ಷದ ಅಕ್ಟೋಬರ್ 18ರಂದು ಡೊನೌಎಷಿಂಗೆನ್ ಎಂಬ ಊರಿನಲ್ಲಿ ಅಲೋಯ್ಸ್ ಕೊಂಟಾರ್ಸ್ಕಿ (1931–2017), ಆಲ್ಫೋನ್ಸ್ ಕೊಂಟಾರ್ಸ್ಕಿ (1932–2010) ಎಂಬ ಸೋದರರು ಇದನ್ನು ಮೊದಲ ಬಾರಿಗೆ ನುಡಿಸಿದರು.

ಯಂತ್ರದ ವಿಚಾರವನ್ನು ಸ್ವಲ್ಪ ವಿವರಿಸಬೇಕು. ಕೃತಿಯ ಜೀವವಿರುವುದು ಅಲ್ಲಿಯೇ. ಪ್ರತಿಯೊಬ್ಬ ವಾದಕನ ಬಳಿಯಲ್ಲಿಯೂ ಪಿಯಾನೊವಲ್ಲದೆ ಕಂಚಿನ ಹನ್ನೆರಡು ಚಿಕ್ಕ ತಾಳಗಳೂ ಒಂದು ಮರದ ತುಂಡೂ ಇರುವುವು. ಪಿಯಾನೊದ ನಾದವು ಮೈಕ್ರೊಫೋನಿನ ಮೂಲಕ ರಿಂಗ್ ಮಾಡ್ಯುಲೇಟರ್ ಎಂಬ ಯಂತ್ರವನ್ನು ಹೊಗುವುದು. ಅಲ್ಲಿ ವಾದಕನೇ ಬಿರಡೆ ತಿರುಗಿಸಿ ನಿಲ್ಲಿಸಿಕೊಂಡ ಒಂದು ಶುದ್ಧ ವಿದ್ಯುತ್ಸ್ವರವು ಅದಕ್ಕೆ ಇದಿರಾಗುವುದು. ಎರಡರ ಕಂಪನಸಂಖ್ಯೆಗಳ ಮೊತ್ತವೂ ವ್ಯತ್ಯಾಸವೂ ಹೊಸ ಸ್ವರಗಳಾಗಿ, ಪಿಯಾನೊ ಇನ್ನೂ ಮೊಳಗುತ್ತಿರುವಾಗಲೇ, ಧ್ವನಿವರ್ಧಕದಿಂದ ಹೊರಡುವುವು. ವಿದ್ಯುತ್ಸ್ವರವು 220, ಪಿಯಾನೊದ ಸ್ವರವೂ 220 ಆಗಿದ್ದರೆ ಮೊತ್ತವು 440. ಅದು ಮೇಲಿನ ಸ್ಥಾಯಿಯ ಅದೇ ಸ್ವರ. ವ್ಯತ್ಯಾಸವು ಶೂನ್ಯ. ಎಲ್ಲವೂ ಏಕನಾದ. ವಾದಕನು ಒಂದೇ ಮನೆ ಸರಿದು 233ನ್ನು ನುಡಿಸಿದನೆನ್ನಿ: ಮೊತ್ತವು 453. ಅದು ಪಕ್ಕದ ಯಾವ ಸ್ವರದೊಡನೆಯೂ ಹೊಂದದು. ಪಿಯಾನೊ ಒಡಕು ಗಂಟೆಯಂತಾಗುವುದು. ಪಂಚಮಕ್ಕೆ ಹೋದರೆ, ಅಂದರೆ 330ಕ್ಕೆ, 550 ಮತ್ತು 110 ಬಂದು ಮತ್ತೆ ಸೌಮ್ಯತೆ ನೆಲೆಗೊಳ್ಳುವುದು.

ಇದು ನಮಗೆ ಅಪರಿಚಿತವಾದ ವಿಷಯವೇ? ತಂಬೂರಿಯ ಮುಂದೆ ಕುಳಿತವನಿಗೆ ಪ್ರತಿ ಸ್ವರವೂ ಷಡ್ಜದಿಂದ ತನಗಿರುವ ದೂರವನ್ನು ತಾನೇ ಹೇಳಿಕೊಳ್ಳುವುದು. ಇಲ್ಲಿ ಯಂತ್ರವು ಆ ದೂರವನ್ನೇ ಬಣ್ಣವನ್ನಾಗಿ ಮಾಡಿ ಕಿವಿಗೆ ಒಡ್ಡುವುದು. ಯಂತ್ರ ಬಂದರೆ ವಾದಕನ ಬೆರಳಿಗೆ ಬೆಲೆಯಿಲ್ಲವೆನ್ನುವವರು ಇದನ್ನು ಗಮನಿಸಬೇಕು: ಬೆರಳಿನ ಒಂದೊಂದು ಸ್ಪರ್ಶದ ಹದವನ್ನೂ ಆ ಯಂತ್ರವು ಇಮ್ಮಡಿಯಾಗಿ ಬಯಲುಮಾಡುತ್ತದೆಯೇ ಹೊರತು ಮುಚ್ಚುವುದಿಲ್ಲ. ಅಲ್ಲದೆ ಈ ಆಧಾರವು ಕೃತಿಯುದ್ದಕ್ಕೂ ಒಂದೇ ಅಲ್ಲ. ಮೂಲವಾಕ್ಯದ ಹದಿಮೂರು ಸ್ವರಗಳೇ ಕ್ರಮವಾಗಿ ಹದಿಮೂರು ಖಂಡಗಳಿಗೆ ಆಧಾರವಾಗುವುವು. ಹದಿಮೂರನೆಯದು ಮೊದಲನೆಯದೇ ಆದುದರಿಂದ ಕೊನೆಯಲ್ಲಿ ಮನೆಗೆ ಮರಳಿದಂತಾಗುವುದು. ಗ್ರಹಭೇದವನ್ನು ಬಲ್ಲ ನಮ್ಮ ರಸಿಕರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಹೆಸರಿನ ವಿಚಾರ. ಹದಿಮೂರು ಸ್ವರಗಳ ಆ ಒಂದು ವಾಕ್ಯವೇ ಒಂದು ಗಂಟೆಗೂ ಮೀರಿದ ಕೃತಿಯನ್ನೆಲ್ಲ ವ್ಯಾಪಿಸಿದೆ. ನಮ್ಮ ಕೀರ್ತನೆಗಳ ಸಂಗತಿಗಳಂತೆ ಅದು ಅಲಂಕಾರಗಳಿಂದ ಬೆಳೆಯುವುದಿಲ್ಲ. ಹಿಗ್ಗುವುದು, ಕುಗ್ಗುವುದು, ಅಷ್ಟೆ. ಆದುದರಿಂದ ಇದಕ್ಕೆ ಸಮೀಪವಾದುದು ಗಾನವಲ್ಲ, ವೇದದ ವಿಕೃತಿಪಾಠ. ಒಂದೆರಡು, ಎರಡೊಂದು, ಒಂದೆರಡುಮೂರು, ಮೂರೆರಡೊಂದು, ಒಂದೆರಡುಮೂರು ಎಂದು ಘನಪಾಠಿಯು ಪದಗಳನ್ನು ಹಿಂದುಮುಂದಾಗಿ ಪೋಣಿಸುವಾಗ ಹೊಸದೊಂದು ಪದವೂ ಸೇರುವುದಿಲ್ಲ. ಈ ಮಟ್ಟಿಗೆ ಹೆಸರು ಸಾರ್ಥಕವೇ.

ಆದರೆ ನಮ್ಮ ಸಮ್ಮತಿ ಅರ್ಧದಲ್ಲಿಯೇ ನಿಲ್ಲುವುದು. ವೈದಿಕನಿಗೆ ಕಾಲವು ವಿಳಂಬವಾದರೂ ಸಹ್ಯ, ಸ್ವರ ತಪ್ಪಿದರೆ ಸಹ್ಯವಲ್ಲ. ‘ಇಂದ್ರಶತ್ರು’ ಶಬ್ದದ ಸ್ವರಾಪರಾಧದಿಂದ ತ್ವಷ್ಟೃವಿನ ಯಾಗವು ಏನಾಯಿತೆಂಬುದನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಸ್ಟಾಕ್‌ಹೌಸೆನ್ನನಾದರೋ ಕಾಲದೊಡನೆ ಸ್ವರಾಂತರಗಳನ್ನೂ ಹಿಗ್ಗಿಸುತ್ತಾನೆ. ಮೊದಲು ಅರೆಸ್ವರವಾಗಿದ್ದುದು ಬೇರೆಡೆಯಲ್ಲಿ ದೊಡ್ಡ ನೆಗೆತವಾಗುವುದು. ಲೆಕ್ಕದಲ್ಲಿ ಅದು ಅದೇ ವಾಕ್ಯವಿರಬಹುದು, ಕಿವಿಗೆ ಅಲ್ಲ. ಪತ್ರವನ್ನು ಕೈಯಲ್ಲಿ ಹಿಡಿದು ಕೇಳಿದವನಿಗೆ ಮಾತ್ರ ಗುರುತು ಸಿಕ್ಕುವ ಏಕತೆಯನ್ನು ಮಂತ್ರದ ಏಕತೆಯೆನ್ನಲು ನಾವು ಒಪ್ಪೆವು. ನಮ್ಮನ್ನು ಕೇಳಿದ್ದರೆ ‘ಶ್ರುತಿ’ಯೆಂದು ಹೆಸರಿಡಬಹುದಿತ್ತು ಎನ್ನುತ್ತಿದ್ದೆವು, ಅದು ವೇದಕ್ಕೂ ಸಲ್ಲುವುದು, ತಂಬೂರಿಗೂ ಸಲ್ಲುವುದು.

ವಾದಕರು ನಡುವೆ ಕೂಗುವ ಪ್ರಸಂಗವು ನಮಗೆ ರುಚಿಸಲಿಲ್ಲ. ಕೊನೆಗೆ ಎಲ್ಲ ರೂಪಗಳನ್ನೂ ಒಟ್ಟಿಗೆ ಅದುಮಿ ಅತಿವೇಗದಲ್ಲಿ ನುಡಿಸುವ ಭಾಗವು ಮಾತ್ರ ನಿಜವಾಗಿಯೂ ಬೆರಗುಗೊಳಿಸತಕ್ಕದ್ದು. ಅಲ್ಲಿ ಸೋದರರಿಬ್ಬರ ನಾಲ್ಕು ಕೈಗಳೂ ಒಂದೇ ಉಸಿರಿನಲ್ಲಿ ಓಡುವುವು. 1983ರಲ್ಲಿ ಅಲೋಯ್ಸನಿಗೆ ಪಾರ್ಶ್ವವಾಯು ತಗುಲಿ ಆ ಜೋಡಿ ಮುರಿಯಿತು. ಅವರ ವಾದನವು ಡಾಯ್ಚೆ ಗ್ರಾಮೊಫೋನ್ ಸಂಸ್ಥೆಯ ಮುದ್ರಿಕೆಯಲ್ಲಿ ಉಳಿದಿದೆ. ಕೇಳುವವರು ಮೊದಲು ಹತ್ತು ನಿಮಿಷ ತಂಬೂರಿಯನ್ನು ಮೀಟಿ ಕಿವಿಯನ್ನು ಹದಮಾಡಿಕೊಂಡು ಕುಳಿತರೆ ಒಳ್ಳೆಯದು.