ಮತಾಂತರದ ಚರಿತ್ರೆ ಮತ್ತು ಮಾತಿನ ಪ್ರಾಮಾಣಿಕತೆ

ಚರಿತ್ರೆಯ ಬರವಣಿಗೆಯಲ್ಲಿ ಸಂಗತಿಗಳ ಸತ್ಯವೆಷ್ಟು ಮುಖ್ಯವೋ ಅವನ್ನು ಹೇಳುವ ಮಾತಿನ ಸತ್ಯವೂ ಅಷ್ಟೇ ಮುಖ್ಯ. ವಸಾಹತು ಕಾಲದಲ್ಲಿ ಮೂಲನಿವಾಸಿಗಳ ನಡುವೆ ನಡೆದ ಮತಾಂತರವನ್ನು ಕುರಿತು ಬರೆಯುವಾಗಲಂತೂ ಲೇಖಕನು ಆಯ್ದುಕೊಂಡ ಒಂದು ಕ್ರಿಯಾಪದವೇ ತೀರ್ಪಾಗಿಬಿಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ.

ಮೊದಲು ಸ್ಪೇನಿನ, ಅನಂತರ ಮೆಕ್ಸಿಕೊದ ಆಳ್ವಿಕೆಯಲ್ಲಿ, 1769ರಿಂದ 1823ರವರೆಗೆ ಫ್ರಾನ್ಸಿಸ್ಕನ್ ಪಾದ್ರಿಗಳು ಅಲ್ಲಿ 21 ಮಿಷನ್ನುಗಳನ್ನು ಸ್ಥಾಪಿಸಿದರು. ಈ ಕಾರ್ಯಕ್ಕೆ ಮೊದಲಿಟ್ಟ ಹುನಿಪೆರೊ ಸೆರಾ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಂತರೆಂದು ಘೋಷಿಸಿದರು. 2020ರಲ್ಲಿ ಅವರ ಹಲವು ಪ್ರತಿಮೆಗಳನ್ನು ಪ್ರತಿಭಟನಕಾರರು ಉರುಳಿಸಿದರು. ಅನಾಗರಿಕರು ಬೆಳಕನ್ನು ಕಂಡರೆಂಬುದು ಒಂದು ಪಕ್ಷದ ಭಾಷೆ. ಕತ್ತಿ ಹಿಡಿದು ಎಲ್ಲರನ್ನೂ ಮತಾಂತರಿಸಿದರೆಂಬುದು ಇನ್ನೊಂದರ ಭಾಷೆ. ಇವೆರಡರಲ್ಲಿಯೂ ಮೂಲನಿವಾಸಿಗೆ ತನ್ನದೇ ಆದ ಮನಸ್ಸೊಂದಿತ್ತೆಂಬ ಅರಿವು ಕಾಣುವುದಿಲ್ಲ.

ವಾಸ್ತವವು ಇಷ್ಟು ಸರಳವಾಗಿರಲಿಲ್ಲ. ಹೊಸಬರ ದನಕುರಿಗಳು ಮೇದು, ಅಲ್ಲಿಯ ಜನರಿಗೆ ಆಹಾರವಾಗಿದ್ದ ಹುಲ್ಲುಬೀಜಗಳು ನಾಶವಾದವು. ಹಸಿದವರು ಮಿಷನ್ನಿನ ಬಾಗಿಲಿಗೆ ಬಂದರು. ಬಂಧುಗಳನ್ನು ಅನುಸರಿಸಿ ಬಂದವರುಂಟು, ಸೈನಿಕರಿಗೆ ಅಂಜಿದವರುಂಟು, ಶ್ರದ್ಧೆಯಿಂದ ಒಪ್ಪಿಕೊಂಡವರೂ ಉಂಟು. ಆದರೆ ಒಮ್ಮೆ ಜ್ಞಾನಸ್ನಾನವಾದ ಮೇಲೆ ಅನುಮತಿಯಿಲ್ಲದೆ ಮಿಷನ್ನನ್ನು ಬಿಟ್ಟು ಹೋಗುವಂತಿರಲಿಲ್ಲ. ಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಚಾವಟಿಯ ಶಿಕ್ಷೆಯೂ ಇತ್ತು. 1775ರಲ್ಲಿ ಕುಮೆಯಾಯ್ ಜನರು ಸಾನ್ ಡಿಯೇಗೊ ಮಿಷನ್ನನ್ನು ಸುಟ್ಟರು. 1824ರಲ್ಲಿ ಚುಮಾಷ್ ಜನರು ಬಂಡೆದ್ದರು.

ಇದನ್ನೆಲ್ಲ ಕನ್ನಡದಲ್ಲಿ ಹೇಳುವುದು ಹೇಗೆ? 'ಸೇರಿದರು', 'ಸೇರಿಸಿದರು', 'ಸೇರಿಸಲಾಯಿತು' ಎಂಬ ಮೂರು ರೂಪಗಳು ನಮ್ಮಲ್ಲುಂಟು. ಮೂರನೆಯದೇ ತಟಸ್ಥವೆಂದು ಹಲವರು ಭಾವಿಸುತ್ತಾರೆ. ಅದು ಕರ್ತೃವನ್ನು ಮರೆಮಾಡುತ್ತದೆಯೇ ಹೊರತು ನ್ಯಾಯವನ್ನು ಮಾಡುವುದಿಲ್ಲ. ಮಿಷನ್ನಿನ ದಾಖಲೆ ಪುಸ್ತಕದಲ್ಲಿ ಜ್ಞಾನಸ್ನಾನದ ದಿನಾಂಕವಷ್ಟೇ ಇರುವಾಗ 'ಜ್ಞಾನಸ್ನಾನ ಪಡೆದನು' ಎಂದಷ್ಟೇ ಬರೆಯಬೇಕು. 'ನಂಬಿದನು' ಎನ್ನಲು ಆ ದಾಖಲೆ ಸಾಲದು. 'ತಪ್ಪಿಸಿಕೊಂಡು ಓಡಿದವನು' ಎಂಬ ಮಾತು ಕಾವಲುಗಾರನ ದೃಷ್ಟಿಯದು. ಅವನು ಹೊರಟದ್ದು ತನ್ನ ಊರಿಗೆ. ಜನಾಂಗಗಳ ಹೆಸರೂ ಹೀಗೆಯೇ. ಕುಮೆಯಾಯ್ ಜನರನ್ನು 'ಡಿಯೆಗೆನ್ಯೊ' ಎಂದೂ ಟೊಂಗ್ವಾ ಜನರನ್ನು 'ಗಾಬ್ರಿಯೆಲಿನೊ' ಎಂದೂ ಕರೆದವರು, ಮಿಷನ್ನಿನ ಹೆಸರನ್ನೇ ಜನರಿಗೆ ಹಚ್ಚಿದರು.

ಇಲ್ಲಿ ನೆನೆಯಬೇಕಾದವನು ಪಾಬ್ಲೊ ಟಾಕ್. ಈತನು 1822ರಲ್ಲಿ ಸಾನ್ ಲೂಯಿಸ್ ರೇ ಮಿಷನ್ನಿನಲ್ಲಿ ಹುಟ್ಟಿದ ಮೂಲನಿವಾಸಿ. ರೋಮಿನಲ್ಲಿ ಪಾದ್ರಿಯಾಗಲು ಓದುತ್ತಿದ್ದಾಗ ತನ್ನ ಜನರ ವೃತ್ತಾಂತವನ್ನು ಬರೆದನು; 1841ರಲ್ಲಿ ಅಲ್ಲಿಯೇ ತೀರಿಕೊಂಡನು. ಆತನ ಬರಹದಲ್ಲಿ ಕ್ರೈಸ್ತಶ್ರದ್ಧೆಯಿದೆ, ಮಿಷನ್ನಿನ ತೋಟಗಳ ವರ್ಣನೆಯಿದೆ. ಮೊದಲು ಬಂದ ಬಿಳಿಯರನ್ನು ತನ್ನವರು ತಡೆದು ಪ್ರಶ್ನಿಸಿದ್ದೂ, ರೋಗದಿಂದ ಸಾವಿರಾರು ಜನ ಸತ್ತದ್ದೂ ಅಲ್ಲಿವೆ. ತನ್ನವರ ಕುಣಿತಗಳನ್ನು ಬಣ್ಣಿಸುವಾಗ ಆತನಿಗೆ ಸಂಕೋಚವಿಲ್ಲ. ಆತನನ್ನು ಕೇವಲ ಬಲಿಪಶುವೆಂದರೆ ಆತನ ಶ್ರದ್ಧೆಗೆ ಅವಮಾನ; ಕೇವಲ ಉದ್ಧಾರಗೊಂಡವನೆಂದರೆ ಸತ್ತವರಿಗೆ ಅವಮಾನ.

ತಟಸ್ಥ ಭಾಷೆಯೆಂದರೆ ಚಾವಟಿಯನ್ನು 'ಶಿಸ್ತು' ಎಂದು ಮೃದುಗೊಳಿಸುವುದಲ್ಲ. ಯಾರು, ಯಾರಿಗೆ, ಯಾವಾಗ, ಏನು ಮಾಡಿದರೆಂಬುದನ್ನು ಸ್ಪಷ್ಟವಾಗಿ ಹೇಳುವುದು; ಒಬ್ಬರ ಅಂತರಂಗವನ್ನು ಕುರಿತು ಆಧಾರವಿಲ್ಲದೆ ನುಡಿಯದಿರುವುದು. ಧರ್ಮದ ವಿಷಯವನ್ನು ಗೌರವದಿಂದ ಓದುವ ಬಂಧುಗಳು ಧರ್ಮದ ಚರಿತ್ರೆಯನ್ನು ಬರೆಯುವವರಿಂದಲೂ ಇಷ್ಟು ಎಚ್ಚರವನ್ನು ಅಪೇಕ್ಷಿಸುವುದು ಉಚಿತ.