ಬೇಕಾದಾಗ ಕೈಕೊಡುವ ಬಿಸಿಲು

ಮನೆ ಮಾಡಿನ ಸೋಲಾರ್ ಘಟಕವನ್ನು ಕರೆಂಟಿನ ಜಾಲಕ್ಕೆ ಹೇಗೆ ಜೋಡಿಸಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ನಿಯಮಾವಳಿ ಹೊರಡಿಸಿತು. ಪುತ್ತೂರು, ಸುಳ್ಯ, ಕಡಬದ ಅಡಿಕೆ ಬೆಳೆಗಾರರಲ್ಲಿ ಅದನ್ನು ಓದಿದವರು ಎಷ್ಟು ಮಂದಿ ಸಿಕ್ಕಾರು? ಅದರ ಫಲ ಉಣ್ಣುವವರು ಮಾತ್ರ ಅವರೇ.

ನಿಯಮ ಹೇಳುವುದಿಷ್ಟು: ವೋಲ್ಟೇಜ್ ಶೇ. 80ಕ್ಕಿಂತ ಇಳಿದರೂ ಶೇ. 110 ಮೀರಿದರೂ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಜಾಲದಿಂದ ಕಳಚಿಕೊಳ್ಳಬೇಕು. 230 ವೋಲ್ಟಿನ ಲೆಕ್ಕದಲ್ಲಿ ಈ ಗಡಿ 184 ಮತ್ತು 253. ಕರೆಂಟು ಪೂರ್ತಿ ಹೋದರಂತೂ ಸೋಲಾರ್ ಸುಮ್ಮನಾಗಲೇಬೇಕು. ಈ ಕೊನೆಯ ಮಾತಿಗೆ ನನ್ನ ತಕರಾರಿಲ್ಲ. ಮಳೆಗಾಲದಲ್ಲಿ ಕಾಡಿನ ನಡುವೆ ಮರ ಬಿದ್ದು ತುಂಡಾದ ತಂತಿಯನ್ನು ಸರಿಮಾಡಲು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಯಾರದೋ ಮಾಡಿನ ಕರೆಂಟು ತಗಲಬಾರದು. ನಡುಹಗಲಲ್ಲಿ ಪ್ಯಾನೆಲ್ ಹೊಳೆಯುತ್ತಿದ್ದರೂ ಮನೆಯಲ್ಲಿ ಫ್ಯಾನ್ ತಿರುಗದಿರುವುದಕ್ಕೆ ಕಾರಣ ಇದು. ಘಟಕ ಮಾರುವವರು ಇದನ್ನು ಮೊದಲೇ ಬಿಡಿಸಿ ಹೇಳಿದರೆ ಅರ್ಧ ಜಗಳ ಕಡಿಮೆಯಾದೀತು.

ಎಡವಟ್ಟು ಇರುವುದು 184ರಲ್ಲಿ. ಫೆಬ್ರವರಿಯಿಂದ ಮೇವರೆಗೆ ತೋಟಕ್ಕೆ ನೀರು ಬಿಡಲೇಬೇಕು. ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇರುವ ಪಂಪುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. 10 ಎಚ್‌ಪಿವರೆಗೆ ಬಿಲ್ಲೂ ಇಲ್ಲದ್ದರಿಂದ ಸರದಿ ಕಾಯುವ ಗರಜು ಯಾರಿಗೂ ಇಲ್ಲ. ಸುಳ್ಯವಂತೂ ದಶಕಗಳ ಕಾಲ ಪುತ್ತೂರು ಕಡೆಯಿಂದ ಬರುವ 33 ಕೆ.ವಿ. ಲೈನನ್ನೇ ನಂಬಿ ಕೂತ ಊರು. ಮಾಡಾವು ಸಬ್‌ಸ್ಟೇಷನ್ನಿನಿಂದ 110 ಕೆ.ವಿ. ಲೈನ್ ಎಳೆಯುವ ಯೋಜನೆ ಅರಣ್ಯ, ಜಾಗದ ತಕರಾರುಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು. ಇಂಥ ಉದ್ದ ಲೈನಿನ ತುದಿಯಲ್ಲಿ ವೋಲ್ಟೇಜ್ ಕುಸಿದರೆ ಸೋಲಾರ್ ಮನೆಗಳು ನಿಯಮಬದ್ಧವಾಗಿಯೇ ಕಳಚಿಕೊಳ್ಳುತ್ತವೆ. ಇದ್ದ ಆಸರೆಯೂ ತಪ್ಪಿ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಸೊರಗಿದ ಜಾಲಕ್ಕೆ ಹೆಗಲು ಕೊಡಬೇಕಾದ ಹೊತ್ತಿಗೇ ಓಡಿಹೋಗು ಎನ್ನುವ ನಿಯಮ ಇದು. ಜಾಲ ಗಟ್ಟಿಯಾಗಿದೆ ಎಂಬ ನಂಬಿಕೆಯ ಮೇಲೆ ಅದನ್ನು ಬರೆದಂತಿದೆ.

ಹೀಗೆ ಎಡವಿದವರು ನಾವೊಬ್ಬರೇ ಅಲ್ಲ. ಜಾಲದ ಫ್ರೀಕ್ವೆನ್ಸಿ 50.2 ಹರ್ಟ್ಸ್ ಮುಟ್ಟಿದೊಡನೆ ಎಲ್ಲ ಸೋಲಾರ್ ಒಟ್ಟಿಗೆ ಕಳಚಿಕೊಳ್ಳಬೇಕೆಂದು ನಿಯಮ ಮಾಡಿದ್ದ ಜರ್ಮನಿ, ಅದರ ಅಪಾಯ ಅರಿತು 2012ರಿಂದ ಲಕ್ಷಾಂತರ ಘಟಕಗಳನ್ನು ತಿದ್ದಬೇಕಾಯಿತು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಕತ್ತಲಾದಾಗ ಕಂಡದ್ದು ಏರಿದ ವೋಲ್ಟೇಜ್ ಮತ್ತು ಒಂದರ ಹಿಂದೊಂದು ಕಳಚಿಕೊಂಡ ಘಟಕಗಳು.

ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 2015ರ ನಿಯಮಾವಳಿಯಲ್ಲಿ ಗಾಳಿ, ಸೌರ ವಿದ್ಯುತ್ತಿಗೆ ಮುನ್ಸೂಚನೆ ಕಡ್ಡಾಯ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಅದು ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕಿನಂಥ ದೊಡ್ಡವರಿಗಾಗಿ ಬರೆದದ್ದು. ಮುನ್ಸೂಚನೆಯಿಂದ ಕಾಯಬಹುದಾದ ಫ್ರೀಕ್ವೆನ್ಸಿ ದೇಶಕ್ಕೆಲ್ಲ ಒಂದೇ. ವೋಲ್ಟೇಜ್ ಮಾತ್ರ ಆಯಾ ಊರಿನದು, ಆಯಾ ಟಿ.ಸಿ.ಯದು (ಟ್ರಾನ್ಸ್‌ಫಾರ್ಮರಿನದು). ಇನ್ನು ಕಿರು ಜಲವಿದ್ಯುತ್ ಘಟಕಗಳನ್ನು ನೆಚ್ಚೋಣವೆಂದರೆ, ತೋಟ ಒಣಗುವ ತಿಂಗಳಲ್ಲಿ ಕುಮಾರಧಾರಾ ಹೊಳೆಯಲ್ಲೂ ಸಾಕಷ್ಟು ನೀರಿರುವುದಿಲ್ಲ.

2024ರಲ್ಲಿ ಕೇಂದ್ರ ಮತ್ತೊಂದು ಹೆಜ್ಜೆ ಹಾಕಿತು: 10 ಕಿಲೋವಾಟ್‌ವರೆಗಿನ ಸೋಲಾರ್ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಡ. ಕಚೇರಿ ಅಲೆದಾಟ ತಪ್ಪಿತು ಎಂದು ನಾನೂ ಸಂತೋಷಪಡುತ್ತೇನೆ. ಆದರೆ ಪರಿಶೀಲನೆ ಅರ್ಜಿದಾರನಿಗೆ ಬೇಡವಾದರೂ ಲೈನಿಗೆ ಬೇಕು. ಈಗಿನ ಇನ್ವರ್ಟರ್‌ಗಳಲ್ಲಿ ಹಲವು ರಿಯಾಕ್ಟಿವ್ ಪವರ್ ಕೊಟ್ಟು ವೋಲ್ಟೇಜನ್ನು ತಕ್ಕಮಟ್ಟಿಗೆ ಎತ್ತಿ ಹಿಡಿಯಬಲ್ಲವು. ಆ ಗುಣವನ್ನು ಬಳಸದೆ ಬಿಡುವುದು ದುಂದು. ಒಂದೇ ಫೀಡರಿನ ಪಂಪುಗಳನ್ನು ಬಿಸಿಲಿನ ಹೊತ್ತಿಗೆ ಸರದಿಯಲ್ಲಿ ಓಡಿಸುವ ಏರ್ಪಾಡಿಗೆ ಹೊಸ ಯಂತ್ರವೂ ಹೆಚ್ಚು ಬೇಡ. ಅದಕ್ಕೆ ಮೊದಲು ನಮಗೆ ಕರೆಂಟು ಕೊಡುವ ಕಂಪನಿ ಮೆಸ್ಕಾಂ ಪ್ರತಿ ಟಿ.ಸಿ.ಯ ಕೊನೆಯ ಕಂಬದಲ್ಲಿ ಮಾರ್ಚ್ ಮಧ್ಯಾಹ್ನದ ವೋಲ್ಟೇಜ್ ಎಷ್ಟೆಂದು ಅಳೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ.