ಓರೆ ಅಕ್ಷರದ ಒಯ್ಯಾರ

ಮದುವೆ ಕಾಗದವನ್ನೂ ವಿಮರ್ಶೆಗೆ ಎತ್ತಿಕೊಳ್ಳುವುದೇ ಎಂದು ಓದುಗರು ಹುಬ್ಬೇರಿಸಬಹುದು. ಕಥೆ ಕವಿತೆಗಳಿಗಿಂತ ಹೆಚ್ಚಾಗಿ ನಮ್ಮ ಜನ ಓದುವ ಅಚ್ಚು ಅದೇ ಎಂಬುದು ನಮ್ಮ ಸಮಾಧಾನ. ಕಾರವಾರದಲ್ಲಿರುವ ನಮ್ಮ ಆಪಾ ಮಗಳ ನಿಕಾಹ್‌ಗೆ ಮೂರು ಭಾಷೆಗಳಲ್ಲಿ ಕಾಗದ ಮಾಡಿಸಿದ್ದರು. ಮನೆಯ ಹಿರಿಯರಿಗೆ ಉರ್ದು, ನೆರೆಹೊರೆಯವರಿಗೆ ಕನ್ನಡ, ಗಲ್ಫಿನ ನೆಂಟರಿಗೆ ಇಂಗ್ಲಿಷು. ಕಡುಗೆಂಪಿನ ಮೇಲೆ ಹೊಂಬಣ್ಣ.

ಇಂಗ್ಲಿಷಿನ ಅಕ್ಷರ ಚೆಂದವಿತ್ತು, ಒಪ್ಪಲೇಬೇಕು. ಬಲಕ್ಕೆ ಬಾಗಿದ ಇಟಾಲಿಕ್. ಇಳಿಗೆರೆ ದಪ್ಪ, ಏರುಗೆರೆ ಕೂದಲಿನಷ್ಟು ತೆಳು, ತುದಿಗೊಂದು ಪುಟ್ಟ ಕುಡಿ. ಇದರ ವಂಶ ದೊಡ್ಡದು. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಶಿಯಸ್ ವರ್ಜಿಲ್ ಕವಿಯ ಪುಸ್ತಕವನ್ನು ಇಡಿಯಾಗಿ ಓರೆ ಅಕ್ಷರದಲ್ಲೇ ಅಚ್ಚು ಹಾಕಿದ. ಅಕ್ಷರ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ವಿದ್ವಾಂಸರ ಓಟದ ಕೈಬರಹವೇ ಅವನಿಗೆ ಮಾದರಿ. ದಪ್ಪ ತೆಳುವಿನ ಅಂತರವನ್ನು ತುತ್ತತುದಿಗೆ ಒಯ್ದವರು 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ದಿದೊ ಮನೆತನದವರು ಮತ್ತು ಪಾರ್ಮಾದ ಬೊಡೊನಿ. ನುಣುಪು ಕಾಗದ, ಒಳ್ಳೆಯ ಮಸಿ, ದೊಡ್ಡ ಗಾತ್ರ ಸಿಕ್ಕರೆ ಅದರ ಸೊಬಗೇ ಬೇರೆ. ಪುಸ್ತಕದ ಹೆಸರಿಗೆ, ಅತ್ತರಿನ ಡಬ್ಬಿಗೆ ಒಪ್ಪುತ್ತದೆ. ಚಿಕ್ಕದು ಮಾಡಿದಿರೋ, ತೆಳುಗೆರೆ ಮೊದಲು ಮಾಯ.

ಓರೆ ಎಂದರೆ ನಮಗೆ ಹೊಸತೇನಲ್ಲ. ಉರ್ದುವಿನ ನಸ್ತಲೀಕ್‌ನಲ್ಲಿ ಪದ ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿಯುತ್ತದೆ. ಓರೆಯಾಗಿ ಕತ್ತರಿಸಿದ ಕಲಮು ತಿರುಗಿದಂತೆ ದಪ್ಪ ತೆಳು ತಾನಾಗಿ ಮೂಡುತ್ತದೆ. ಆ ಇಳಿಜಾರನ್ನು ಯಂತ್ರಕ್ಕೆ ಒಗ್ಗಿಸಲು ಪಾಕಿಸ್ತಾನದ ಮಿರ್ಜಾ ಅಹಮದ್ ಜಮೀಲ್ ಹತ್ತಿರ ಹತ್ತಿರ 20,000 ಅಕ್ಷರಗುಚ್ಛಗಳನ್ನು ಕೈಯಲ್ಲೇ ಬರೆದರು. 1981ರ ನೂರಿ ನಸ್ತಲೀಕ್ ಹುಟ್ಟಿದ್ದು ಹಾಗೆ.

ಆಪಾನ ಕಾಗದದ ಕನ್ನಡಕ್ಕೆ ಅಂಥ ಪುಣ್ಯಾತ್ಮರು ಸಿಕ್ಕಿರಲಿಲ್ಲ. ಇಂಗ್ಲಿಷಿಗೆ ಜೋಡಿಯಾಗಲೆಂದು ಗಣಕದಲ್ಲಿ ಒಂದು ಗುಂಡಿ ಒತ್ತಿ ನೆಟ್ಟಗಿದ್ದುದನ್ನು ವಾಲಿಸಿದ್ದರು, ಅಷ್ಟೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ದುಂಡಗಾದ ಲಿಪಿ ನಮ್ಮದು. ಅದನ್ನು ಹೀಗೆ ತಳ್ಳಿದರೆ ಗುಡಿಸು ಬಲಕ್ಕೆ, ಒತ್ತಕ್ಷರ ಎಡಕ್ಕೆ ಜರುಗಿ, ಪದವೇ ಬಸ್ಸಿನಲ್ಲಿ ನಿಂತವರಂತೆ ತೂಗಾಡುತ್ತದೆ. ಬಾಗಿಸಲೇಬಾರದೆಂದು ನಾವು ಹೇಳುತ್ತಿಲ್ಲ. ಬಾಗಿದ ಕನ್ನಡ ಬೇಕಿದ್ದರೆ ಅದನ್ನೂ ಯಾರಾದರೂ ಕೂತು ಬರೆಯಬೇಕು. ಇನ್ನು ಅಂಕಿಗಳು ಇಂಗ್ಲಿಷ್ ಪುಟದವೇ, ಚಿಕ್ಕದಾಗಿ, ಹೊಂಬಣ್ಣದಲ್ಲಿ. 8ರ ತೆಳುಗೆರೆಗಳೆರಡೂ ಹಾರಿಹೋಗಿ ಅದು 5ರಂತೆ ಕಾಣುತ್ತಿತ್ತು.

ಅಂಕೋಲೆಯಲ್ಲಿರುವ ನಮ್ಮ ಕನ್ನಡ ಮಾಸ್ತರರಿಗೆ ಎಂಬತ್ತು ದಾಟಿದೆ. 18ಕ್ಕೆ ಬರಬೇಕಾದವರು 15ಕ್ಕೇ ಬಸ್ಸು ಹತ್ತಿ ಬಂದರು. ನಾವೆಲ್ಲ ಜವಳಿ ತರಲು ಹುಬ್ಬಳ್ಳಿಗೆ ಹೋಗಿದ್ದೆವು. ಬೀಗ ಕಂಡು, ಉಡುಗೊರೆಯ ಪೊಟ್ಟಣವನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹಿಂತಿರುಗಿದ್ದರು. ರಾತ್ರಿ ಫೋನಿನಲ್ಲಿ ಕ್ಷಮೆ ಕೇಳಿದರೆ, "ಅಡ್ಡಿಲ್ಲ ತಮ್ಮಾ, ನನ್ನ ಕಣ್ಣೇ ಸಮ ಇಲ್ಲ" ಎಂದರು. 18ರಂದು ಮತ್ತೆ ಬರಲು ಅವರಿಂದಾಗಲಿಲ್ಲ. ಅಕ್ಷರ ತಿದ್ದಿಸಿದವರು ಕಣ್ಣಿನ ಮೇಲೆ ತಪ್ಪು ಹೊತ್ತುಕೊಂಡದ್ದು ನಮಗೆ ಇವತ್ತಿಗೂ ಚುಚ್ಚುತ್ತದೆ.

ಈಗ ಆಪಾನ ಮಗನ ಮದುವೆ. ಕನ್ನಡ ನೆಟ್ಟಗಿರಲಿ, ತಾರೀಖು ದಪ್ಪಗಿರಲಿ, ಬಿಳಿಯ ಮೇಲೆ ಕಪ್ಪಾದರೂ ಸರಿ ಎಂದೆವು. ಅಚ್ಚಿನ ಹುಡುಗ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮದುವೆಗೋ, ಟೆಂಡರ್ ನೋಟೀಸಿಗೋ ಸರ್?" ಎಂದು ಕೇಳಿದ.